ಅಮ್ಮ ಎರಡು ಸಲ ಹೇಳಿದ ಹೂಂ

ಪಕ್ಕದ ಮನೆಯಾಕೆಯ ಫೋನು ಮೂರು ಸಲ ಬಂದು ನಿಂತಿತು. ಎತ್ತುವ ಹಾಗಿರಲಿಲ್ಲ. ನನ್ನ ಎರಡೂ ಕೈಗಳು ಮೊಣಕೈವರೆಗೆ ಗಾಜಿನ ಕ್ಯಾಬಿನೆಟ್ಟಿನೊಳಗಿದ್ದವು. ತಟ್ಟೆಗಳಲ್ಲಿ ಬೆಳೆಯುವ ಜೀವಕೋಶಗಳಿಗೆ ಹಳೆಯ ದ್ರಾವಣ ತೆಗೆದು ಹೊಸದು ಹಾಕುವ ಹೊತ್ತು ಅದು. ಮಧ್ಯದಲ್ಲಿ ಕೈ ಹೊರಗೆಳೆದರೆ ಗಾಳಿಯ ಸೂಕ್ಷ್ಮಾಣು ಸೇರಿ ವಾರಗಟ್ಟಲೆಯ ಕೆಲಸ ಹಾಳು. ಮುಗಿಸಿ, ಗ್ಲೌಸು ಬಿಚ್ಚಿ, ವಾಪಸು ಫೋನು ಮಾಡಿದೆ.

"ಅರೆ, ಜಲ್ದಿ ಬಾರೆ. ನಿಮ್ಮಮ್ಮ ಬೇಸಿನ್ ಮುಂದೆ ನಿಂತವ್ರೆ. ರೇಷ್ಮೆಗೂಡು ಕೈಲಿ ಹಿಡ್ಕೊಂಡು 'ಇದೇನು?' ಅಂತ ಕೇಳ್ತಾವ್ರೆ. ನಂಗೆ ಭಯ ಆಗ್ತಿದೆ."

ನಮ್ಮದು ವಿಜಯಪುರ. ದೇವನಹಳ್ಳಿ ತಾಲ್ಲೂಕಿನದು ಎಂದು ಸೇರಿಸದೆ ಹೋದರೆ ಈಗ ಎಲ್ಲರೂ ಉತ್ತರ ಕರ್ನಾಟಕದ ಊರು ಎಂದುಕೊಳ್ಳುತ್ತಾರೆ. ಅಲ್ಲಿಂದ ಬೆಳಗಿನ ಸರ್ಕಾರಿ ಬಸ್ಸು ಹಿಡಿದು ಬೆಂಗಳೂರಿನ ಉತ್ತರದಂಚಿನ ಸಂಶೋಧನಾ ಸಂಸ್ಥೆಯೊಂದಕ್ಕೆ ಹೋಗಿ, ಸಂಜೆ ವಾಪಸಾಗುವುದು ನನ್ನ ಹನ್ನೊಂದು ವರ್ಷದ ರೂಢಿ. ನಾನು ವಿಜ್ಞಾನಿಯಲ್ಲ, ಬಿ.ಎಸ್ಸಿ. ಓದಿದ ಟೆಕ್ನಿಷಿಯನ್. ವಿಜ್ಞಾನಿಗಳು ಪ್ರಶ್ನೆ ಕೇಳುತ್ತಾರೆ, ಆ ಪ್ರಶ್ನೆಗೆ ಬೇಕಾದ ಕೋಶಗಳನ್ನು ಸಾಯದಂತೆ ಬೆಳೆಸಿ ಕೊಡುವುದು ನಮ್ಮಂಥವರ ಕೆಲಸ.

ಅಮ್ಮ ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ರೇಷ್ಮೆ ನೂಲು ತೆಗೆದವಳು. ಅಪ್ಪ ಬದುಕಿದ್ದಾಗ ಹೊಲ ಅಪ್ಪನದು, ಗೂಡು ಬೇಯಿಸಿ ಎಳೆ ತೆಗೆಯುವ ಬೇಸಿನ್ನಿನ ಬಿಸಿನೀರು ಅಮ್ಮನದು. ಕೈಯಲ್ಲಿ ಆಗುವುದಿಲ್ಲ ಎಂದು ಬಿಟ್ಟ ಮೇಲೂ, ಎರಡು ಮನೆ ಆಚೆ ನೂಲು ತೆಗೆಯುವ ಸಣ್ಣ ಯೂನಿಟ್ಟು ನಡೆಸುವ ಪಕ್ಕದ ಮನೆಯಾಕೆ ಹೊಸ ಗೂಡು ಬಂದಾಗಲೆಲ್ಲ ಅಮ್ಮನನ್ನು ಕರೆಯುತ್ತಿದ್ದಳು. ಅಮ್ಮ ನಾಲ್ಕು ಗೂಡು ಅಂಗೈಗೆ ಹಾಕಿಕೊಂಡು ಹಿಚುಕಿ, ಕಿವಿಯ ಹತ್ತಿರ ಅಲ್ಲಾಡಿಸಿ, ಎಷ್ಟು ಹೊತ್ತು ಬೇಯಿಸಬೇಕು ಎಂದು ಹೇಳುತ್ತಿದ್ದಳು. ಹೇಳಿದ್ದು ತಪ್ಪುತ್ತಿರಲಿಲ್ಲ. ಅಂಥವಳು ಗೂಡು ಹಿಡಿದು ಇದೇನು ಎಂದು ಕೇಳಿದ್ದಳು.

ನಾನು ಊರು ತಲುಪುವ ಹೊತ್ತಿಗೆ ಮಧ್ಯಾಹ್ನ ದಾಟಿತ್ತು. ಯೂನಿಟ್ಟಿನ ಬಾಗಿಲಲ್ಲಿ ಸ್ಟೂಲಿನ ಮೇಲೆ ಕೂತು ಅಮ್ಮ ಟೀ ಕುಡಿಯುತ್ತಿದ್ದಳು. ನನ್ನನ್ನು ನೋಡಿ ಮುಖ ಅರಳಿತು.

"ಏನೇ, ಇಷ್ಟು ಬೇಗ ಬಂದ್ಬಿಟ್ಟೆ? ರಜಾನಾ?"

ಬೆಳಿಗ್ಗೆ ನಡೆದದ್ದು ಅವಳಿಗೆ ನೆನಪೇ ಇರಲಿಲ್ಲ. ಪಕ್ಕದ ಮನೆಯಾಕೆ ಮಾತ್ರ ಸೆರಗಿನಲ್ಲಿ ಮೂಗು ಒರೆಸುತ್ತ ಬೇರೆ ಕಡೆ ನೋಡಿದಳು.

ಮನೆಗೆ ಕರೆದುಕೊಂಡು ಹೋಗುವಾಗ ಒಂದೊಂದೇ ನೆನಪಾಗತೊಡಗಿತು. ಗೌರಿಹಬ್ಬಕ್ಕೆ ಬಾಗಿನ ಕೊಟ್ಟವರಿಗೇ ಮತ್ತೆ ಕೊಡಲು ಹೊರಟಿದ್ದಳು. ಅಣ್ಣನ ಹೆಂಡತಿಯನ್ನು ತೋರಿಸಿ ಎರಡು ಸಲ 'ಈವಮ್ಮ ಯಾರ ಕಡೆಯೋಳು?' ಎಂದು ನನ್ನ ಕಿವಿಯಲ್ಲಿ ಕೇಳಿದ್ದಳು, ನಾನು ತಮಾಷೆ ಎಂದು ನಕ್ಕಿದ್ದೆ. ಹುಟ್ಟಿದ ಮನೆಯ ತೆಲುಗು ನಾಲಿಗೆಗೆ ಪದೇಪದೇ ಬರುತ್ತಿತ್ತು. ವಯಸ್ಸು ಎಂದುಕೊಂಡಿದ್ದೆ. ಹನ್ನೊಂದು ವರ್ಷದಲ್ಲಿ ಆರು ವರ್ಷ ನಾನು ಕೆಲಸ ಮಾಡಿದ್ದು ಮರೆವು ತರುವ ಆಲ್ಝೈಮರ್ ಕಾಯಿಲೆಯ ಮೇಲೆ. ಈ ಕಾಯಿಲೆ ಬರಿಸಿದ ಇಲಿಗಳ ಮಿದುಳನ್ನು ಸೀಳಿ, ಬಣ್ಣ ಹಾಕಿ, ಗಾಜಿನ ಮೇಲೆ ಹಚ್ಚಿ ಕೊಟ್ಟವಳು ನಾನು. ಒಂದೇ ಮನೆಯಲ್ಲಿ, ಒಂದೇ ಕೋಣೆಯಲ್ಲಿ ಮಲಗುತ್ತಿದ್ದ ಅಮ್ಮನ ಕಾಯಿಲೆ ಮಾತ್ರ ಕಾಣಲಿಲ್ಲ. ಅವತ್ತು ನನಗೆ ನನ್ನ ಮೇಲೆ ಬಂದಷ್ಟು ಸಿಟ್ಟು ಮತ್ಯಾವತ್ತೂ ಬಂದಿಲ್ಲ.

ಬೆಂಗಳೂರಿನ ಆಸ್ಪತ್ರೆಯಲ್ಲಿ ಎರಡು ದಿನ ಪರೀಕ್ಷೆಗಳಾದವು. ಗಡಿಯಾರ ಬರೆಯಿರಿ, ಮುಳ್ಳನ್ನು ಹನ್ನೊಂದು ಹತ್ತಕ್ಕೆ ಇಡಿ ಎಂದರು. ಅಮ್ಮ ಪೆನ್ನು ಕೆಳಗಿಟ್ಟಳು. "ನಾನು ನಾಕನೇ ಕ್ಲಾಸ್ಗೇ ಬಿಟ್ಟೋಳು ಕಣಪ್ಪ. ಗಡಿಯಾರ ನೋಡೋಕೆ ಬರುತ್ತೆ, ಬರ್ಯೋಕೆ ಯಾರು ಹೇಳ್ಕೊಟ್ರು?" ಪರೀಕ್ಷೆ ಮಾಡುತ್ತಿದ್ದವನಿಗೆ ನಗು ಬಂತು. ಅಮ್ಮನಿಗೂ ಬಂತು. ಆದರೆ ಐದು ಪದ ಹೇಳಿ ಸ್ವಲ್ಪ ಹೊತ್ತಿನ ಮೇಲೆ ಕೇಳಿದಾಗ ಒಂದೂ ಇರಲಿಲ್ಲ. ಪದ ಹೇಳಿದ್ದರು ಎಂಬುದೂ ಇರಲಿಲ್ಲ.

ಆಲ್ಝೈಮರ್, ಇನ್ನೂ ಆರಂಭದ ಹಂತ ಎಂದರು ಡಾಕ್ಟರು. ಮಿದುಳಿನಲ್ಲಿ ಗಂಟುಗಂಟಾಗಿ ಕೂಡುವ ಅಮಿಲಾಯ್ಡ್ ಎಂಬ ಪ್ರೋಟೀನನ್ನು ತೊಳೆದು ತೆಗೆಯುವ ಹೊಸ ಔಷಧಗಳು ಬಂದಿವೆ ಎಂಬುದು ನನಗೆ ಗೊತ್ತಿತ್ತು, ಕೇಳಿದೆ. ಅವರು ಸ್ಕ್ಯಾನಿನ ಮೇಲೆ ಪೆನ್ನಿನ ತುದಿಯಿಂದ ಸಣ್ಣ ಕಪ್ಪು ಚುಕ್ಕೆಗಳನ್ನು ತೋರಿಸಿದರು. ಹಿಂದೆ ಯಾವಾಗಲೋ ಸೂಕ್ಷ್ಮ ರಕ್ತನಾಳಗಳು ಒಸರಿದ ಗುರುತು. ಇಷ್ಟು ಚುಕ್ಕೆ ಇರುವವರಿಗೆ ಆ ಔಷಧ ಕೊಟ್ಟರೆ ಮಿದುಳಿನೊಳಗೆ ರಕ್ತಸ್ರಾವವಾಗಬಹುದು, ನಾನು ಕೊಡುವುದಿಲ್ಲ ಎಂದರು. ಮರೆವನ್ನು ತುಸು ನಿಧಾನಗೊಳಿಸುವ ಮಾತ್ರೆ ಬರೆದುಕೊಟ್ಟರು. ದಿನಾ ನಡೆಸಿ, ಮಾತಾಡಿಸಿ, ಕೆಲಸ ಕೊಡಿ, ಒಂಟಿಯಾಗಿ ಕೂರಿಸಬೇಡಿ ಎಂದರು.

ಮರುದಿನ ಕೆಲಸಕ್ಕೆ ಹೋಗಿ ನಮ್ಮ ಮೇಡಂ ಕೋಣೆಯ ಬಾಗಿಲಲ್ಲಿ ನಿಂತೆ. ಮೇಡಂ ಎಂದರೆ ನಮ್ಮ ಲ್ಯಾಬಿನ ಮುಖ್ಯಸ್ಥೆ. ಕಡಿಮೆ ಮಾತಿನವರು. ನಾನು ಕೇಳಬಾರದ್ದನ್ನು ಕೇಳುತ್ತಿದ್ದೇನೆಂದು ಗೊತ್ತಿದ್ದೂ ಕೇಳಿದೆ.

"ಮೇಡಂ, ನಮ್ಮ ಆಂಟಿಬಾಡಿ ಅಮ್ಮನಿಗೆ ಕೊಡೋಕಾಗಲ್ವಾ?"

ನಮ್ಮ ಆಂಟಿಬಾಡಿ ಎಂದರೆ ಏನೆಂದು ಹೇಳಬೇಕು. ಮಿದುಳಿನಲ್ಲಿ ನರಕೋಶಗಳ ನಡುವೆ ಮೈಕ್ರೋಗ್ಲಿಯಾ ಎಂಬ ಕೋಶಗಳಿವೆ. ಮಿದುಳಿನ ರೋಗನಿರೋಧಕ ಕೋಶಗಳು ಅವು. ಸತ್ತದ್ದು, ಕೊಳೆತದ್ದು, ಗಂಟುಕಟ್ಟಿದ್ದು ಏನಿದ್ದರೂ ತಿಂದು ಚೊಕ್ಕಟ ಮಾಡುತ್ತವೆ. ಅವುಗಳ ಮೈಮೇಲೆ ಕೊಳೆಯನ್ನು ಮುಟ್ಟಿ ಗುರುತಿಸುವ ಪ್ರೋಟೀನುಗಳಿವೆ. ಇವೇ ರಿಸೆಪ್ಟರುಗಳು. ಕನ್ನಡದ ಪಠ್ಯಪುಸ್ತಕದಲ್ಲಿ ಗ್ರಾಹಕ ಎಂದಿದೆ, ಆದರೆ ಆ ಪದ ಹೇಳಿದರೆ ನಮ್ಮ ಮನೆಯವರಿಗೆ ಅಂಗಡಿಗೆ ಬರುವ ಗಿರಾಕಿ ನೆನಪಾಗುತ್ತಾನೆ, ಹಾಗಾಗಿ ರಿಸೆಪ್ಟರ್ ಎಂದೇ ಬರೆಯುತ್ತೇನೆ. ಅವುಗಳಲ್ಲಿ ಟ್ರೆಮ್-ಟು ಎಂಬುದೊಂದು. ಅದಕ್ಕೆ ಅಮಿಲಾಯ್ಡಿನ ಗಂಟು ತಗುಲಿದರೆ ಕೋಶದ ಒಳಗೆ ಸುದ್ದಿ ಮುಟ್ಟುತ್ತದೆ. ಕೋಶ ಎದ್ದು ಹೋಗಿ ಗಂಟನ್ನು ಸುತ್ತುವರಿದು ತಿನ್ನಲು ತೊಡಗುತ್ತದೆ. ಕೆಲವರಿಗೆ ಹುಟ್ಟಿನಿಂದಲೇ ಈ ರಿಸೆಪ್ಟರ್ ದುರ್ಬಲವಾಗಿರುತ್ತದೆ, ಅಂಥವರಿಗೆ ಈ ಕಾಯಿಲೆಯ ಅಪಾಯ ಹೆಚ್ಚು. ಮಿಕ್ಕವರಲ್ಲೂ ವಯಸ್ಸಾದಂತೆ ಕೋಶಗಳು ಜಡವಾಗುತ್ತವೆ. ಆ ರಿಸೆಪ್ಟರಿಗೇ ಹೋಗಿ ಅಂಟಿಕೊಂಡು ಅದನ್ನು ಹೊರಗಿನಿಂದ ಚುರುಕುಗೊಳಿಸುವ, ಆಂಟಿಬಾಡಿ ಎಂಬ ಬಗೆಯ ಪ್ರೋಟೀನೊಂದನ್ನು ನಮ್ಮ ಲ್ಯಾಬು ಪರೀಕ್ಷಿಸುತ್ತಿತ್ತು.

ಮೇಡಂ ನನ್ನನ್ನು ಕೂರಿಸಿದರು. "ಅದು ಇನ್ನೂ ಔಷಧ ಅಲ್ಲ ಕಣಮ್ಮ. ಪ್ರಶ್ನೆ. ತಟ್ಟೆಯಲ್ಲಿ ಕೆಲಸ ಮಾಡುತ್ತೆ, ಇಲಿಯಲ್ಲಿ ಸ್ವಲ್ಪ ಮಾಡುತ್ತೆ. ಈ ಕೋಶಗಳು ಜಾಸ್ತಿ ಕೆರಳಿದ್ರೆ ಒಳ್ಳೆಯ ನರಗಳ ಕೊಂಡಿಯನ್ನೂ ತಿಂದುಹಾಕ್ತವೆ. ಮನುಷ್ಯರಲ್ಲಿ ಯಾವಾಗ ಎಷ್ಟು ಚುರುಕು ಮಾಡಬೇಕು ಅನ್ನೋದು ಇನ್ನೂ ಯಾರಿಗೂ ಪೂರ್ತಿ ಗೊತ್ತಿಲ್ಲ. ನಿನ್ನ ಅಮ್ಮನಿಗೆ ಇದು ಸಿಗುತ್ತೆ ಅಂತ ಹೇಳಿದ್ರೆ ನಾನು ಸುಳ್ಳು ಹೇಳಿದ ಹಾಗೆ."

ನಾನು ತಲೆಯಾಡಿಸಿ ಎದ್ದೆ. ಬಾಗಿಲ ಹತ್ತಿರ ಹೋದಾಗ ಅವರು ಮತ್ತೆ ಕರೆದರು. "ಇವತ್ತು ಮನೆಗೆ ಹೋಗು. ಕೋಶಗಳನ್ನ ನಾನು ನೋಡ್ಕೋತೀನಿ." ಅಷ್ಟು ವರ್ಷದಲ್ಲಿ ಮೇಡಂ ಸ್ವತಃ ಕ್ಯಾಬಿನೆಟ್ಟಿನ ಮುಂದೆ ಕೂತದ್ದನ್ನು ನಾನು ನೋಡಿರಲಿಲ್ಲ. ನಾನು ಹೋಗಲಿಲ್ಲ. ಇಬ್ಬರೂ ಕೂತು ಕೆಲಸ ಮಾಡಿದೆವು. ಅವರ ಕೈ ನನ್ನ ಕೈಯಷ್ಟು ಚುರುಕಾಗಿರಲಿಲ್ಲ.

ದಿನಚರಿ ಬದಲಾಯಿತು. ಬೆಳಿಗ್ಗೆ ನಾನು ಬಸ್ಸಿಗೆ ಹೋಗುವ ಮುಂಚೆ ಅಮ್ಮನನ್ನು ಪಕ್ಕದ ಮನೆಯಾಕೆಯ ಯೂನಿಟ್ಟಿಗೆ ಬಿಡುತ್ತಿದ್ದೆ. ಅಲ್ಲಿ ಅವಳು ಗೂಡಿನ ಮೇಲಿನ ಒರಟು ಎಳೆ ಬಿಡಿಸುವುದು, ಕೆಟ್ಟ ಗೂಡು ಬೇರೆ ಮಾಡುವುದು, ಇಂಥ ಕೆಲಸ ಮಾಡುತ್ತ ಎಲ್ಲರ ಜೊತೆ ಹರಟುತ್ತಿದ್ದಳು. ಗೂಡಿನ ಹೆಸರು ಮರೆತ ದಿನವೂ ಬೆರಳಿಗೆ ಕೆಲಸ ಗೊತ್ತಿರುತ್ತಿತ್ತು. ಮಧ್ಯಾಹ್ನ ಅಣ್ಣ ದ್ರಾಕ್ಷಿ ತೋಟದಿಂದ ಬೈಕಿನಲ್ಲಿ ಬಂದು ಊಟಕ್ಕೆ ತನ್ನ ಮನೆಗೆ ಕರೆದೊಯ್ಯುತ್ತಿದ್ದ. ಸಂಜೆ ನಾನು ಬಂದ ಮೇಲೆ ಇಬ್ಬರೂ ಕೆರೆ ಏರಿಯವರೆಗೆ ನಡೆದು ಬರುತ್ತಿದ್ದೆವು.

ಇದಾಗಿ ಕೆಲವು ತಿಂಗಳಿಗೆ ಲ್ಯಾಬಿನಲ್ಲಿ ಹೊಸ ಕೆಲಸ ಶುರುವಾಯಿತು. ಇಲಿಯ ಮೈಕ್ರೋಗ್ಲಿಯಾ ಬೇರೆ, ಮನುಷ್ಯರದು ಬೇರೆ. ಬದುಕಿರುವವರ ಮಿದುಳಿನಿಂದ ಅವನ್ನು ತೆಗೆಯುವ ಹಾಗಿಲ್ಲ. ಆದರೆ ರಕ್ತ ತೆಗೆದುಕೊಂಡು, ಅದರ ಕೆಲವು ಕೋಶಗಳನ್ನು ಏನಾಗಿ ಬೇಕಾದರೂ ಬೆಳೆಯಬಲ್ಲ ಕಾಂಡಕೋಶಗಳ ಸ್ಥಿತಿಗೆ ಹಿಂದಕ್ಕೊಯ್ದು, ಅಲ್ಲಿಂದ ಮೈಕ್ರೋಗ್ಲಿಯಾ ಆಗಿ ಬೆಳೆಸಬಹುದು. ತಟ್ಟೆಯಲ್ಲಿ ಬೆಳೆಯುವ ಆ ಕೋಶಗಳು ರಕ್ತ ಕೊಟ್ಟವರವೇ. ಆಲ್ಝೈಮರ್ ಇರುವ ಕೆಲವರು, ಅದೇ ವಯಸ್ಸಿನ, ಅದೇ ಸೀಮೆಯ, ಕಾಯಿಲೆ ಇಲ್ಲದ ಕೆಲವರು ಬೇಕಾಗಿದ್ದರು. ಅಮ್ಮ ಹೋಗುತ್ತಿದ್ದ ಆಸ್ಪತ್ರೆಯೂ ಇದರಲ್ಲಿ ಸೇರಿತ್ತು.

ಅಮ್ಮನನ್ನು ಕೇಳುವುದೋ ಬೇಡವೋ ಎಂದು ನಾನು ತೊಳಲಾಡುತ್ತಿರುವಾಗಲೇ ಮೇಡಂ ಖಡಾಖಂಡಿತವಾಗಿ ಹೇಳಿದರು. "ನೀನು ಕೇಳಕೂಡದು. ನಿನ್ನ ಮುಖ ನೋಡಿ ಹೂಂ ಅಂದ್ರೆ ಅದು ಒಪ್ಪಿಗೆ ಅಲ್ಲ. ಕೇಳೋದಿದ್ರೆ ಆಸ್ಪತ್ರೆಯ ಡಾಕ್ಟರ್ ಕೇಳ್ತಾರೆ."

ಹಾಗಾಗಿ ಒಂದು ಶನಿವಾರ ಆಸ್ಪತ್ರೆಯಿಂದ ಯುವ ಡಾಕ್ಟರೊಬ್ಬಳು ವಿಜಯಪುರಕ್ಕೆ ಬಂದಳು. ಅಣ್ಣನಿಗೆ ಮೊದಲೇ ತಿಳಿಸಿದ್ದೆ. ಅವನು ಮುಖ ಗಂಟಿಕ್ಕಿಕೊಂಡು ಜಗಲಿಯಲ್ಲಿ ಕೂತಿದ್ದ. ಡಾಕ್ಟರು ಬರುವ ಮುಂಚೆಯೇ ಶುರುಮಾಡಿದ.

"ನೀನು ಕೆಲ್ಸ ಮಾಡೋ ಜಾಗಕ್ಕೆ ಅಮ್ಮನ ರಕ್ತ ಕೊಡೋದಾ? ಅವಳನ್ನೇನು ಇಲಿ ಅಂದ್ಕೊಂಡಿದ್ದೀಯಾ?"

"ನಾನು ಕೇಳ್ತಿಲ್ಲ ಅಣ್ಣ. ಡಾಕ್ಟರ್ ಕೇಳ್ತಾರೆ. ಬೇಡ ಅಂದ್ರೆ ಬೇಡ."

"ಅವಳಿಗೆ ನೆನ್ನೆ ತಿಂದಿದ್ದು ನೆನಪಿಲ್ಲ. ಹೂಂ ಅಂತಾಳೋ ಊಹೂಂ ಅಂತಾಳೋ, ಅದಕ್ಕೇನರ್ಥ ಹೇಳು. ವಾಸಿ ಮಾಡ್ತಾರಾ? ಇಲ್ಲ. ಮತ್ತ್ಯಾಕೆ?"

ಅವನ ಮಾತಿನಲ್ಲಿ ಅರ್ಥವಿತ್ತು. ಒಳಗೆ ಅವರೆಕಾಯಿ ಸುಲಿಯುತ್ತಿದ್ದ ಅಮ್ಮ ಅಲ್ಲಿಂದಲೇ ಕೂಗಿದಳು.

"ನನ್ನ ವಿಷ್ಯ ನೀವಿಬ್ರೂ ಯಾಕ್ ಕಿತ್ತಾಡ್ತೀರಾ? ನಾನಿಲ್ವಾ ಇಲ್ಲಿ?"

ಡಾಕ್ಟರು ಬಂದು ಅಮ್ಮನ ಪಕ್ಕದಲ್ಲಿ ಚಾಪೆಯ ಮೇಲೇ ಕೂತಳು. ತಾನೂ ಅವರೆಕಾಯಿ ಕೈಗೆತ್ತಿಕೊಂಡಳು. ನಿಧಾನವಾಗಿ ವಿವರಿಸಿದಳು. ತೋಳಿನಿಂದ ರಕ್ತ ತೆಗೆಯುತ್ತೇವೆ. ಅದರಿಂದ ಮಿದುಳಿನ ಕಾವಲು ಕೋಶ ಬೆಳೆಸುತ್ತೇವೆ. ಅದರ ಮೇಲೆ ಒಂದು ವಸ್ತು ಪರೀಕ್ಷಿಸುತ್ತೇವೆ. ನಿಮಗೆ ಇದರಿಂದ ಏನೂ ಉಪಯೋಗವಿಲ್ಲ. ಯಾವಾಗ ಬೇಡ ಎನಿಸಿದರೂ ಬೇಡ ಎನ್ನಬಹುದು. ಮಗಳ ಕೆಲಸಕ್ಕೂ ಇದಕ್ಕೂ ಸಂಬಂಧವಿಲ್ಲ. ಹೇಳಿ ಮುಗಿಸಿ, "ಅಮ್ಮ, ನಾನು ಏನು ಹೇಳಿದೆ ಅಂತ ನಿಮ್ಮ ಮಾತಲ್ಲೇ ಹೇಳಿ" ಎಂದಳು.

ಅಮ್ಮ ಅವರೆಕಾಯಿ ಬಿಟ್ಟು ಅವಳನ್ನೇ ನೋಡಿದಳು. "ರಕ್ತ ತಗೋತೀರ. ಅದ್ರಲ್ಲಿ ನನ್ನ ತಲೆ ಒಳಗಿರೋಂಥದ್ದನ್ನ ಬೆಳೆಸ್ತೀರ. ಅದಕ್ಕೆ ಮದ್ದು ಹಾಕಿ ನೋಡ್ತೀರ. ನಂಗೇನೂ ವಾಸಿ ಆಗಲ್ಲ. ಮುಂದೆ ಯಾರಿಗಾದ್ರೂ ಆಗ್ಬೋದು, ಆಗ್ದೇನೂ ಇರ್ಬೋದು. ಸರೀನಾ?"

"ಸರಿ ಅಮ್ಮ."

"ಹೂಂ. ಕೊಡ್ತೀನಿ. ರಕ್ತಾನೇ ತಾನೆ, ಮತ್ತೆ ಊರುತ್ತೆ."

ಅಣ್ಣ ಎದ್ದು ತೋಟಕ್ಕೆ ಹೊರಟುಹೋದ.

ಡಾಕ್ಟರು ಅವತ್ತು ರಕ್ತ ತೆಗೆಯಲಿಲ್ಲ. ಮರೆವಿನ ಕಾಯಿಲೆ ಇರುವವರನ್ನು ಎರಡನೇ ಸಲ, ಕೆಲವು ದಿನ ಬಿಟ್ಟು ಕೇಳಬೇಕು, ಮನೆಯವರೊಬ್ಬರು ಸಾಕ್ಷಿ ಇರಬೇಕು ಎಂಬ ನಿಯಮವಿತ್ತಂತೆ. ಮುಂದಿನ ಶನಿವಾರ ಮತ್ತೆ ಬಂದಳು. ಈ ಸಲ ಸಾಕ್ಷಿಗೆ ಅಣ್ಣನೇ ಕೂರಬೇಕು, ನಾನಲ್ಲ ಎಂದಳು. ನಾನು ಅಡುಗೆಮನೆಯಲ್ಲಿ ನಿಂತೆ.

ಅಮ್ಮನಿಗೆ ಅವಳ ಗುರುತು ಹತ್ತಲಿಲ್ಲ. "ಯಾವೂರಮ್ಮ ನಿಂದು? ಕಾಫಿ ಕುಡೀತೀಯಾ?" ಎಂದು ಉಪಚರಿಸಿದಳು. ಅಣ್ಣ ನನ್ನ ಕಡೆ ತಿರುಗಿ, ನೋಡಿದೆಯಾ ಎಂಬಂತೆ ಹುಬ್ಬೇರಿಸಿದ. ಡಾಕ್ಟರು ಮೊದಲಿನಿಂದ ಎಲ್ಲವನ್ನೂ ಮತ್ತೆ ವಿವರಿಸಿದಳು, ಒಂದು ಮಾತೂ ಬಿಡದೆ. ಅಮ್ಮ ಗಮನವಿಟ್ಟು ಕೇಳಿದಳು. ಅವಳಿಗೆ ಇದು ಹೊಸ ಸುದ್ದಿ.

"ನಂಗೇನೂ ಆಗಲ್ಲ, ಬೇರೆಯೋರಿಗೆ ಆಗ್ಬೋದು. ಅಷ್ಟೇ ತಾನೆ?"

"ಅಷ್ಟೇ ಅಮ್ಮ."

"ಹೂಂ. ತಗೋ. ರಕ್ತ ಏನು, ಮತ್ತೆ ಊರ್ತದೆ."

ಅದೇ ಮಾತು. ನಾನು ಬಾಗಿಲ ಸಂದಿಯಿಂದ ಅಣ್ಣನನ್ನು ನೋಡುತ್ತಿದ್ದೆ. ಅವನು ಬಗ್ಗಿ ನೆಲ ನೋಡುತ್ತಿದ್ದ. ಪೆನ್ನು ಕೊಟ್ಟಾಗ ಸಾಕ್ಷಿಯ ಜಾಗದಲ್ಲಿ ಸಹಿ ಹಾಕಿ ಹಿತ್ತಲಿಗೆ ಬಂದು ಮುಖ ತೊಳೆದುಕೊಂಡ. ಆಮೇಲೆ ನನ್ನ ಹತ್ತಿರ ನಿಂತು, "ಡಾಕ್ಟರು ಬಂದಿದ್ದೇ ಮರ್ತೋಗಿತ್ತಲ್ಲೇ ಅವಳಿಗೆ. ಆದ್ರೂ ಅದನ್ನೇ ಹೇಳಿದ್ಳು" ಎಂದ. ಅಮ್ಮನ ಮರೆವು ಎಲ್ಲವನ್ನೂ ಒಯ್ಯುತ್ತಿದೆ ಎಂದು ನಾವಿಬ್ಬರೂ ಅಂದುಕೊಂಡಿದ್ದೆವು. ಎಲ್ಲವನ್ನೂ ಅಲ್ಲ ಎಂದು ಅವತ್ತು ಗೊತ್ತಾಯಿತು.

ರಕ್ತದ ಟ್ಯೂಬುಗಳು ಲ್ಯಾಬಿಗೆ ಬರುವಾಗ ಹೆಸರಿರುವುದಿಲ್ಲ, ಬರೀ ಸಂಖ್ಯೆ. ಯಾವುದು ಕಾಯಿಲೆಯವರದು, ಯಾವುದು ಅಲ್ಲ ಎಂಬುದು ಕೂಡ ನಮಗೆ ಗೊತ್ತಿರಬಾರದು. ಪಟ್ಟಿ ಆಸ್ಪತ್ರೆಯಲ್ಲಿ ಭದ್ರ. ಹಾಗಾಗಿ ಅಮ್ಮನ ಕೋಶಗಳು ನನ್ನ ಕೈಯಲ್ಲೇ ಬೆಳೆಯುತ್ತಿದ್ದವು, ಆದರೆ ಯಾವುವು ಎಂದು ನನಗೆ ತಿಳಿಯುತ್ತಿರಲಿಲ್ಲ. ಎಲ್ಲಕ್ಕೂ ಒಂದೇ ಸಮ ಜತನ ಮಾಡಬೇಕಾಯಿತು. ಭಾನುವಾರವೂ ಬಸ್ಸು ಹತ್ತಿದೆ. ದೇವನಹಳ್ಳಿ ದಾಟುವಾಗ ವಿಮಾನಗಳು ತಲೆ ಸವರಿಕೊಂಡು ಹೋಗುತ್ತಿದ್ದವು, ನಾನು ಕಿಟಕಿ ಪಕ್ಕ ಕೂತು ಯಾವ ತಟ್ಟೆಗೆ ಇವತ್ತು ಏನು ಎಂದು ಚೀಟಿಯಲ್ಲಿ ಬರೆದುಕೊಳ್ಳುತ್ತಿದ್ದೆ.

ಮೂರನೇ ತಿಂಗಳಲ್ಲಿ ಒಂದು ಸಂಖ್ಯೆಯ ಕೋಶಗಳು ಸತ್ತವು. ಬೆಳಿಗ್ಗೆ ನೋಡಿದರೆ ದ್ರಾವಣ ಮೋಡದ ಹಾಗೆ ಕದಡಿತ್ತು. ಬ್ಯಾಕ್ಟೀರಿಯಾ ಸೇರಿತ್ತು. ತಪ್ಪು ನನ್ನದೋ, ಬಾಟಲಿಯದೋ, ಇವತ್ತಿಗೂ ಗೊತ್ತಿಲ್ಲ. ತಟ್ಟೆಗಳನ್ನು ಬ್ಲೀಚಿನಲ್ಲಿ ಮುಳುಗಿಸಿದೆ. ನೇರ ಮೇಡಂ ಬಳಿ ಹೋದೆ.

"ಇದು ಅಮ್ಮಂದಾ?"

"ನಂಗೂ ಗೊತ್ತಿಲ್ಲ. ಕೇಳಲೂ ಬೇಡ."

"ಅಮ್ಮಂದೇ ಆಗಿದ್ರೆ?"

"ಬೇರೆ ಯಾರದ್ದೋ ಅಮ್ಮಂದಾಗಿದ್ರೆ ನಿಂಗೆ ಸಮಾಧಾನ ಆಗ್ತಿತ್ತಾ?" ಎಂದರು ಮೇಡಂ. ಗಡುಸಾಗಿ ಹೇಳಲಿಲ್ಲ. ಅಮ್ಮನನ್ನು ಆಸ್ಪತ್ರೆಗೆ ಕರೆದೊಯ್ದಾಗ ಅವಳ ಜೊತೆ ಅದೇ ಬೆಂಚಿನಲ್ಲಿ ಕೂತಿದ್ದ ಮುದುಕರ ಮುಖಗಳು ನೆನಪಾದವು. ಕೆಲವರನ್ನು ಮಗಳು ಕರೆತಂದಿದ್ದಳು, ಕೆಲವರನ್ನು ಸೊಸೆ. ಒಬ್ಬ ಅಜ್ಜ ಹೆಂಡತಿಯ ಸೆರಗಿನ ತುದಿ ಹಿಡಿದುಕೊಂಡೇ ಕೂತಿದ್ದ. ಫ್ರೀಜರಿನಲ್ಲಿ ತೆಗೆದಿಟ್ಟಿದ್ದ ಅದೇ ಸಂಖ್ಯೆಯ ಇನ್ನೊಂದು ಟ್ಯೂಬು ಇತ್ತು. ಮೊದಲಿನಿಂದ ಶುರುಮಾಡಿದೆ. ಈ ಸಲ ಬದುಕಿದವು.

ಆರು ತಿಂಗಳ ಹೊತ್ತಿಗೆ ಎಲ್ಲ ತಟ್ಟೆಗಳಲ್ಲೂ ಮೈಕ್ರೋಗ್ಲಿಯಾ ಕೈಕಾಲು ಚಾಚಿ ಕೂತಿದ್ದವು. ಅವುಗಳಿಗೆ ಕೆಂಪಗೆ ಹೊಳೆಯುವ ಬಣ್ಣ ಬೆರೆಸಿದ ಅಮಿಲಾಯ್ಡಿನ ಗಂಟು ಹಾಕಿದೆವು. ಸೂಕ್ಷ್ಮದರ್ಶಕಕ್ಕೆ ಕ್ಯಾಮೆರಾ ಜೋಡಿಸಿ ಹೊತ್ತುಹೊತ್ತಿಗೆ ಚಿತ್ರ ತೆಗೆಸಿದೆವು. ಕೆಲವು ತಟ್ಟೆಗಳಲ್ಲಿ ಕೋಶಗಳು ತಾವೇ ಹೋಗಿ ಗಂಟಿಗೆ ಬಾಯಿ ಹಾಕಿದವು. ಕೆಲವು ತಟ್ಟೆಗಳವು ಪಕ್ಕದಲ್ಲೇ ಗಂಟು ಬಿದ್ದಿದ್ದರೂ ಕೂತಲ್ಲೇ ಕೂತಿದ್ದವು. ಆ ಜಡ ತಟ್ಟೆಗಳಿಗೆ ಆಂಟಿಬಾಡಿ ಹಾಕಿ ಮತ್ತೆ ಚಿತ್ರ ತೆಗೆದೆವು.

ಮರುದಿನ ಮೇಡಂ, ನಾನು, ಇಬ್ಬರು ವಿದ್ಯಾರ್ಥಿಗಳು ಪರದೆಯ ಮುಂದೆ ನಿಂತೆವು. ಇಡೀ ದಿನದ ಚಿತ್ರಗಳು ಒಂದಾದ ಮೇಲೊಂದು ಓಡಿದವು. ಮೊದಲು ಏನೂ ಇಲ್ಲ. ಆಮೇಲೆ ಒಂದು ಕೋಶ ಒಂದು ಕಾಲು ಚಾಚಿತು. ಹಿಂದಕ್ಕೆಳೆದುಕೊಂಡಿತು. ಮತ್ತೆ ಚಾಚಿತು. ತೆವಳಿಕೊಂಡು ಹೋಗಿ ಕೆಂಪು ಗಂಟನ್ನು ತಬ್ಬಿತು. ನೋಡುತ್ತಿದ್ದ ಹಾಗೆಯೇ ಇನ್ನೊಂದು ಬಂತು, ಮತ್ತೊಂದು ಬಂತು. ಸ್ವಲ್ಪ ಹೊತ್ತಿಗೆ ಕೆಂಪು ಬಣ್ಣ ಹೊರಗಿರಲಿಲ್ಲ, ಕೋಶಗಳ ಹೊಟ್ಟೆಯೊಳಗಿತ್ತು. ಒಬ್ಬ ವಿದ್ಯಾರ್ಥಿ ಸೀಟಿ ಹೊಡೆದ. ಮೇಡಂ ಮಾತ್ರ, "ಇನ್ನೊಂದು ಸಲ ಮಾಡೋಣ" ಎಂದರು.

ಇನ್ನೊಂದು ಸಲ ಮಾಡಿದೆವು, ಮತ್ತೊಂದು ಸಲವೂ. ಎಲ್ಲ ತಟ್ಟೆಗಳೂ ಎಚ್ಚೆತ್ತವು ಎಂದು ಬರೆದರೆ ಸುಳ್ಳಾಗುತ್ತದೆ. ಎರಡು ಸಂಖ್ಯೆಯವು ಏನು ಮಾಡಿದರೂ ಅಲ್ಲಾಡಲಿಲ್ಲ. ಯಾಕೆಂದು ಈಗ ಹುಡುಕುತ್ತಿದ್ದೇವೆ. ತಟ್ಟೆಯಿಂದ ಮನುಷ್ಯನ ಮಿದುಳಿಗೆ ದಾರಿ ಉದ್ದ ಎಂಬುದು ನನಗೆ ಎಲ್ಲರಿಗಿಂತ ಚೆನ್ನಾಗಿ ಗೊತ್ತು. ಆದರೂ ಮನುಷ್ಯರ ಕೋಶ, ನಮ್ಮ ಸೀಮೆಯ ವಯಸ್ಸಾದವರ ಕೋಶ, ಜಡವಾಗಿದ್ದದ್ದು, ಎದ್ದು ಹೋಗಿ ತಿಂದದ್ದನ್ನು ನಾನು ಕಣ್ಣಾರೆ ನೋಡಿದೆ. ಅವತ್ತು ಸಂಜೆ ಬಸ್ಸಿನಲ್ಲಿ ನಿಲ್ಲಲೂ ಜಾಗವಿರಲಿಲ್ಲ, ಕಂಬಿ ಹಿಡಿದು ವಿಜಯಪುರದವರೆಗೂ ನಿಂತೇ ಬಂದೆ. ಕಾಲು ನೋವು ಗೊತ್ತಾಗಲಿಲ್ಲ.

ಮನೆಗೆ ಹೋಗಿ ಅಮ್ಮನಿಗೆ ಹೇಳಿದೆ. ಅವಳು ಖುಷಿಪಟ್ಟಳು. ಮರುದಿನ ಮತ್ತೆ ಹೇಳಿದೆ, ಮತ್ತೆ ಅಷ್ಟೇ ಖುಷಿಪಟ್ಟಳು. ಒಂದು ವಾರ ದಿನಾ ಹೇಳಿದೆ. ಒಳ್ಳೆಯ ಸುದ್ದಿಯೊಂದನ್ನು ಒಬ್ಬರಿಗೆ ಏಳು ಸಲ ಹೇಳಿ ಏಳು ಸಲವೂ ಅದೇ ಬೆರಗು ನೋಡುವುದು ಎಷ್ಟು ಜನರಿಗೆ ಸಿಕ್ಕೀತು.

ರಕ್ತ ಕೊಟ್ಟವರನ್ನೂ ಅವರ ಮನೆಯವರನ್ನೂ ಮೇಡಂ ಒಂದು ದಿನ ಲ್ಯಾಬಿಗೆ ಕರೆದರು. ಯಾರ ಕೋಶ ಯಾವುದೆಂದು ಹೇಳುವುದಿಲ್ಲ, ಸುಮ್ಮನೆ ನೋಡಬಹುದು. ಅಮ್ಮ ಹಸಿರು ಅಂಚಿನ ರೇಷ್ಮೆಸೀರೆ ಉಟ್ಟುಕೊಂಡು ಬಂದಳು. ಪಕ್ಕದ ಮನೆಯಾಕೆಯೂ ಯೂನಿಟ್ಟಿಗೆ ರಜೆ ಹಾಕಿ ಜೊತೆಗೆ ಬಂದಳು, ಅಮ್ಮ ಅವಳಿಲ್ಲದೆ ಹೊರಡಲು ಒಪ್ಪಲಿಲ್ಲ. ಪರದೆಯ ಮೇಲೆ ಕೋಶಗಳು ತೆವಳುವುದನ್ನು ಅಮ್ಮ ಬಹಳ ಹೊತ್ತು ನೋಡಿದಳು.

"ಇವು ಏನ್ ಮಾಡ್ತಾವೆ?"

"ಕಸ ತೆಗೀತಿದ್ದಾವೆ ಅಮ್ಮ."

"ನಿಧಾನ. ಆದ್ರೆ ಕೆಲ್ಸ ಬಿಡಲ್ಲ." ತನ್ನ ಕೆಲಸದವರನ್ನು ನೋಡಿ ಮೆಚ್ಚುವ ದನಿ ಅದು. ಆಮೇಲೆ ಮೇಡಂ ಕಡೆ ತಿರುಗಿ, "ನಿಮ್ಗೆ ಇವಳು ಚೆನ್ನಾಗಿ ಕೆಲ್ಸ ಮಾಡ್ತಾಳಾ?" ಎಂದು ನನ್ನನ್ನು ತೋರಿಸಿ ಕೇಳಿದಳು. ಮೇಡಂ, "ಇವಳಿಲ್ದೆ ಇದೊಂದೂ ಆಗ್ತಿರ್ಲಿಲ್ಲ ಅಮ್ಮ" ಎಂದರು. ಹನ್ನೊಂದು ವರ್ಷದಲ್ಲಿ ಅವರು ನನ್ನನ್ನು ಹೊಗಳಿದ್ದು ಅದೊಂದೇ ಸಲ.

ಪಕ್ಕದ ಮನೆಯಾಕೆ ಈಗ ಮುಂದೆ ಬಂದು ಕೇಳಿದಳು. "ಕಾಯಿಲೆ ಇಲ್ದೋರ ರಕ್ತಾನೂ ಬೇಕು ಅಂದ್ರಲ್ಲ ಮೇಡಂ. ನಂದು ಆಗ್ತದಾ? ಅಕ್ಕಂಗೂ ನಂಗೂ ಎರಡೇ ವರ್ಷ ವ್ಯತ್ಯಾಸ."

ಅವಳಿಂದ ಸುದ್ದಿ ನಮ್ಮ ಬೀದಿಗೆಲ್ಲ ಹಬ್ಬಿತು. ಮುಂದಿನ ತಿಂಗಳು ಆಸ್ಪತ್ರೆಯ ಡಾಕ್ಟರು ವಿಜಯಪುರಕ್ಕೆ ಬಂದಾಗ ಐದು ಜನ ಮಾತಾಡಲು ಕಾದಿದ್ದರು. ಎಲ್ಲರೂ ಬಿಸಿನೀರಿನಲ್ಲಿ ಕೈಯಿಟ್ಟು ಬದುಕಿದ ಹೆಂಗಸರು. ಒಬ್ಬಳು ವಿಚಾರ ಕೇಳಿ ಬೇಡ ಎಂದು ಎದ್ದುಹೋದಳು. ನಾಲ್ವರು ಒಪ್ಪಿದರು. ಅಣ್ಣ ಬಾಗಿಲ ಪಕ್ಕ ನಿಂತಿದ್ದವನು ಕೊನೆಗೆ ಬಂದು ಕೂತ.

"ಮಕ್ಕಳದ್ದೂ ತಗೋತೀರಾ? ಅಮ್ಮಂಗಿರೋದು ನಮಗೂ ಬರ್ಬೋದಲ್ಲ. ನಂದೂ ಇಟ್ಕೊಳ್ಳಿ, ಮುಂದೆ ಹೋಲಿಸಿ ನೋಡೋಕೆ."

ಮಕ್ಕಳದ್ದು ಈಗಿನ ಕೆಲಸದಲ್ಲಿಲ್ಲ, ಮುಂದೆ ಸೇರಿಸುವ ಯೋಚನೆಯಿದೆ, ಆಗ ಖಂಡಿತ ಕೇಳುತ್ತೇವೆ ಎಂದಳು ಡಾಕ್ಟರು. ಅಣ್ಣ ಫೋನ್ ನಂಬರು ಬರೆಸಿ ಎದ್ದ.

ಅಮ್ಮ ಈಗ ಆಗಾಗ ನನ್ನನ್ನು ತನ್ನ ತಂಗಿ ಎಂದುಕೊಳ್ಳುತ್ತಾಳೆ. ಊಟವಾದ ಅರ್ಧ ಗಂಟೆಗೆ ಊಟ ಕೇಳುತ್ತಾಳೆ. ಕಾಯಿಲೆ ನಿಂತಿಲ್ಲ. ಆದರೆ ಡಾಕ್ಟರು ಅಂದುಕೊಂಡದ್ದಕ್ಕಿಂತ ನಿಧಾನವಾಗಿ ನಡೆಯುತ್ತಿದೆ, ಯೂನಿಟ್ಟಿನ ಹರಟೆಯೂ ಕೆರೆ ಏರಿಯ ನಡಿಗೆಯೂ ಮಾತ್ರೆಯಷ್ಟೇ ಕೆಲಸ ಮಾಡಿರಬಹುದು ಎನ್ನುತ್ತಾರೆ ಅವರು.

ಹೋದ ವಾರ ಆ ನಾಲ್ವರು ರಕ್ತ ಕೊಟ್ಟರು. ನಮ್ಮ ಮನೆಯ ನಡುಮನೆಯಲ್ಲೇ, ಒಬ್ಬೊಬ್ಬರಾಗಿ. ಪಕ್ಕದ ಮನೆಯಾಕೆ ಸೂಜಿ ನೋಡಿ ಮುಖ ತಿರುಗಿಸಿದಳು. ಅಮ್ಮ ಹತ್ತಿರ ಹೋಗಿ ಅವಳ ಇನ್ನೊಂದು ಕೈ ಹಿಡಿದುಕೊಂಡಳು. "ಹೆದ್ರುಕೋಬೇಡ ಕಣೇ. ಒಂದ್ ಇರುವೆ ಕಚ್ಚಿದಂಗೆ, ಅಷ್ಟೇ."

"ನೀವೂ ಕೊಟ್ಟಿದ್ರಲ್ಲ ಅಕ್ಕ, ಅದಕ್ಕೇ ಧೈರ್ಯ."

"ನಾನು ಕೊಟ್ಟಿದ್ನಾ?" ಅಮ್ಮ ನನ್ನ ಕಡೆ ನೋಡಿದಳು. ನಾನು ತಲೆಯಾಡಿಸಿದೆ. ಅವಳ ಮುಖದಲ್ಲಿ ಹೆಮ್ಮೆ ಕಂಡಿತು. "ಒಳ್ಳೇದಾಯ್ತು ಬಿಡು," ಎಂದು ಪಕ್ಕದ ಮನೆಯಾಕೆಯ ಕೈಯನ್ನು ಇನ್ನಷ್ಟು ಗಟ್ಟಿಯಾಗಿ ಹಿಡಿದಳು.

ಸೋಮವಾರ ಒಂಬತ್ತು ಹೊಸ ಸಂಖ್ಯೆಗಳು ನನ್ನ ಬೆಂಚಿಗೆ ಬಂದಿವೆ. ಅವುಗಳಲ್ಲಿ ಆ ನಾಲ್ಕು ಯಾವುವು ಎಂದು ನನಗೆ ಗೊತ್ತಿಲ್ಲ.